ಹಿಮ ನಿಂತ ಮಾರನೇ ದಿನ

(ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಟವರಿಗಾಗಿ ಬೆಂಗಳೂರಿನ ಚಾರಣ ಬಳಗವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳಿಸುತ್ತಿದೆ ಅಲ್ವಾ? ಸರಿ.

ಇಲ್ಲಿರುವವರಲ್ಲಿ ತುಂಬಾ ಜನ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕೇದಾರಕಂಠ, ಬ್ರಹ್ಮತಾಲ್, ದಯಾರಾ, ಕುವಾರಿ ಪಾಸ್ ಅಂತ ಟಿಕೆಟ್ ಮಾಡಿಸಿದ್ದೀರಿ. ಒಂದಿಬ್ಬರು ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೊರಟಿದ್ದಾರೆ. ಕುಮಾರಪರ್ವತ, ಕೊಡಚಾದ್ರಿ ಹತ್ತಿ ಕಾಲು ಗಟ್ಟಿ ಮಾಡಿಕೊಂಡವರು ನೀವು. ಹಾಗಾಗಿ ಫಿಟ್‌ನೆಸ್ ಬಗ್ಗೆ ನಾನು ತುಟಿ ಬಿಚ್ಚುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ವಿಷಯ ಹಿಮಕುಸಿತ, ಅಂದರೆ ಅವಲಾಂಚ್.

ಗುಡ್ಡ ಕುಸಿಯುವುದು ನಮಗೆ ಹೊಸದೇನಲ್ಲ. 2018ರಲ್ಲಿ ಕೊಡಗು, 2024ರಲ್ಲಿ ಅಂಕೋಲಾ ಹತ್ತಿರದ ಶಿರೂರು, ಎರಡನ್ನೂ ನೋಡಿದ್ದೇವೆ. ಅಲ್ಲಿ ಮಳೆ ಸುರಿಯಿತು, ಗುಡ್ಡ ತನ್ನ ಪಾಡಿಗೆ ತಾನು ಜಾರಿತು, ಕೆಳಗಿದ್ದವರು ಸಿಕ್ಕಿಬಿದ್ದರು. ಹಿಮಾಲಯದಲ್ಲೂ ಹಾಗೇ ಇರಬೇಕು, ಎಲ್ಲೋ ಮೇಲಿಂದ ಉರುಳಿ ಬರುತ್ತದೆ, ಹಣೆಬರಹ ಕೆಟ್ಟಿದ್ದರೆ ಸಿಕ್ಕುತ್ತೇವೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಚಾರಣಕ್ಕೋ ಸ್ಕೀಗೋ ಹೋಗಿ ಹಿಮಕುಸಿತದಲ್ಲಿ ಸತ್ತವರ ಪ್ರಕರಣಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತರಲ್ಲಿ ಅದನ್ನು ಎಬ್ಬಿಸಿದ್ದು ಸತ್ತವರೇ, ಇಲ್ಲಾ ಅವರ ಜೊತೆಯವರೇ. ಯಾರೋ ಒಬ್ಬರು ಸರಿಯಾದ ಜಾಗದಲ್ಲಿ, ಅಥವಾ ತಪ್ಪು ಜಾಗದಲ್ಲಿ ಅನ್ನಿ, ಕಾಲಿಟ್ಟರು. ಅಷ್ಟೇ. ನನಗೆ ಇದು ಹೆದರಿಸುವ ಮಾತಾಗಿ ಕಾಣುವುದಿಲ್ಲ, ಧೈರ್ಯದ ಮಾತಾಗಿ ಕಾಣುತ್ತದೆ. ನಾವೇ ಎಬ್ಬಿಸುವುದಾದರೆ ಎಬ್ಬಿಸದೇ ಇರುವುದೂ ನಮ್ಮ ಕೈಯಲ್ಲೇ ಇದೆ ತಾನೇ?

ಹಿಮ ಸುರಿಯುತ್ತಿರುವಾಗ ಹೆಚ್ಚಿನವರು ಡೇರೆ ಬಿಟ್ಟು ಹೊರಗೆ ಬರುವುದಿಲ್ಲ. ಎರಡು ದಿನ ಒಳಗೇ ಕೂತು ಮ್ಯಾಗಿ ತಿಂದು, ಇಸ್ಪೀಟಾಡಿ, ಒದ್ದೆ ಸಾಕ್ಸ್ ಒಣಗಿಸುವ ಪ್ರಯತ್ನ ಮಾಡಿ ಸಾಕುಸಾಕಾಗಿರುತ್ತದೆ. ಮೂರನೇ ದಿನ ಬೆಳಿಗ್ಗೆ ಜಿಪ್ ತೆಗೆದರೆ ನೀಲಿ ಆಕಾಶ, ಚಿನ್ನದಂಥ ಬಿಸಿಲು, ಮರಗಳ ಮೇಲೆಲ್ಲ ಹೊಸ ಹಿಮ. ಆವತ್ತೇ ಎಲ್ಲರೂ ಮೇಲಕ್ಕೆ ಹೊರಡುತ್ತಾರೆ. ಇಳಿಜಾರಿನ ಮೇಲೆ ಅತಿ ಹೆಚ್ಚು ಹೊಸ ಭಾರ ಇರುವುದೂ, ಅದು ಇನ್ನೂ ಸರಿಯಾಗಿ ಕೂತಿರದೇ ಇರುವುದೂ ಆವತ್ತೇ. ನನ್ನ ಇಡೀ ಮಾತಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಜೋರು ಹಿಮ ನಿಂತ ಮೇಲಿನ ಮೊದಲ ಬಿಸಿಲು ದಿನ ಫೋಟೋ ತೆಗೆಯುವ ದಿನ, ಹತ್ತುವ ದಿನ ಅಲ್ಲ.

ಈಗ ಯಾಕೆ ಜಾರುತ್ತದೆ ಅನ್ನುವುದಕ್ಕೆ ಬರೋಣ. ಇದಕ್ಕೆ ಸ್ವಲ್ಪ ಹೊತ್ತು ಬೇಕು, ತಾಳ್ಮೆ ಇರಲಿ.

ಚಳಿಗಾಲ ಪೂರ್ತಿ ಬಿದ್ದ ಹಿಮ ಒಂದೇ ಮುದ್ದೆ ಆಗಿರುವುದಿಲ್ಲ, ಪದರ ಪದರವಾಗಿ ಇರುತ್ತದೆ. ಪ್ರತಿ ಸಲ ಬಿದ್ದದ್ದು ಒಂದು ಪದರ. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು. ತೊಂದರೆ ಬರುವುದು ಮೇಲೆ ಗಟ್ಟಿ ಪದರ ಕೂತು, ಅದರ ಅಡಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳದ ಸಡಿಲ ಹರಳುಗಳು ಸಿಕ್ಕಿಕೊಂಡಾಗ. ಓರೆಯಾಗಿ ನಿಲ್ಲಿಸಿದ ಹಲಗೆಗೆ ಸಕ್ಕರೆ ಹರಡಿ ಅದರ ಮೇಲೆ ಕಡಪ ಕಲ್ಲು ಇಟ್ಟರೆ ಹೇಗೆ, ಹಾಗೆ. ಕಲ್ಲು ನಿಂತಿರುತ್ತದೆ. ಯಾಕೆ ನಿಂತಿದೆ ಅಂತ ಕಲ್ಲಿಗೂ ಗೊತ್ತಿಲ್ಲ. ಸ್ವಲ್ಪ ತಟ್ಟಿ, ಹೋಯಿತು.

ಈ ಸಕ್ಕರೆಯಂಥ ಹಿಮ ಎಲ್ಲಿಂದ ಬರುತ್ತದೆ? ಆಕಾಶದಿಂದ ಹಾಗೇ ಬೀಳುವುದಿಲ್ಲ, ನೆಲದ ಮೇಲೆ ತಯಾರಾಗುತ್ತದೆ. ಹಿಮದ ಅಡಿಯಲ್ಲಿ ನೆಲ ಹೆಚ್ಚು ಕಡಿಮೆ 0 ಡಿಗ್ರಿಯಲ್ಲೇ ಇರುತ್ತದೆ. ಮೇಲೆ ಗಾಳಿ ಮೈನಸ್ 15 ಅಂತ ಇಟ್ಟುಕೊಳ್ಳಿ. ಹಿಮ ಬರೀ ಅರ್ಧ ಮೀಟರ್ ದಪ್ಪ ಇದ್ದರೆ ಆ 15 ಡಿಗ್ರಿ ವ್ಯತ್ಯಾಸ ಅರ್ಧ ಮೀಟರಿನಲ್ಲೇ ಮುಗಿಯಬೇಕು, ಅಂದರೆ ಮೀಟರಿಗೆ 30 ಡಿಗ್ರಿ ಲೆಕ್ಕ. ಮೀಟರಿಗೆ 10 ಡಿಗ್ರಿ ದಾಟಿದರೆ ಸಾಕು, ಕೆಳಗಿನ ಆವಿ ಮೇಲಕ್ಕೆ ಹೋಗುತ್ತಾ ಹರಳುಗಳ ಆಕಾರವನ್ನೇ ಬದಲಿಸಿಬಿಡುತ್ತದೆ. ದುಂಡಗೆ ಇದ್ದು ಒಂದಕ್ಕೊಂದು ಅಂಟಿಕೊಂಡಿದ್ದವು ಮೂಲೆ ಮೂಲೆಯ ಒರಟು ಹರಳುಗಳಾಗುತ್ತವೆ. ಕೈಗೆ ತೆಗೆದುಕೊಂಡರೆ ಬೆರಳ ಸಂದಿಯಿಂದ ಸುರಿದು ಹೋಗುತ್ತವೆ, ಉಂಡೆ ಕಟ್ಟಲು ಬರುವುದೇ ಇಲ್ಲ. ಅದೇ ಚಳಿಯಲ್ಲಿ ಹಿಮ ಎರಡು ಮೀಟರ್ ದಪ್ಪ ಇದ್ದರೆ ಲೆಕ್ಕ ಮೀಟರಿಗೆ ಏಳೂವರೆ ಡಿಗ್ರಿಗೆ ಇಳಿಯುತ್ತದೆ, ಈ ಕಾಟ ಅಷ್ಟಾಗಿ ಇರುವುದಿಲ್ಲ.

ಇದರಿಂದ ಏನು ಗೊತ್ತಾಯಿತು? ಕಡಿಮೆ ಹಿಮ ಬಿದ್ದ ವರ್ಷ ಸೇಫ್ ಅಂತ ಅಂದುಕೊಳ್ಳುವುದು ತಪ್ಪು. ನವೆಂಬರ್‌ನಲ್ಲಿ ತೆಳ್ಳಗೆ ಒಂದು ಸಲ ಬಿತ್ತು, ಆಮೇಲೆ ಐದಾರು ವಾರ ಒಣ ಚಳಿ, ಬಿಸಿಲು. ಟ್ರೆಕ್ ಗುಂಪುಗಳಲ್ಲಿ 'ಈ ಸಲ ಸ್ನೋನೇ ಇಲ್ಲ' ಅನ್ನುವ ಗೊಣಗಾಟ ಶುರುವಾಗಿರುತ್ತದೆ. ಆ ಐದಾರು ವಾರದಲ್ಲಿ ನೆರಳಿನ ಇಳಿಜಾರುಗಳಲ್ಲಿ, ಅದರಲ್ಲೂ ಉತ್ತರಕ್ಕೆ ಮುಖ ಮಾಡಿದವುಗಳಲ್ಲಿ, ಆ ತೆಳು ಪದರ ಪೂರ್ತಿ ಸಕ್ಕರೆಯಾಗಿ ಕೂತಿರುತ್ತದೆ. ಜನವರಿಯಲ್ಲಿ ಒಂದೇ ಸಮನೆ ಮೂರು ಅಡಿ ಸುರಿಯಿತು ಅಂದರೆ ಕೆಟ್ಟದ್ದಕ್ಕೆ ಬೇಕಾದ ಸಾಮಾನೆಲ್ಲ ರೆಡಿ. ಹೊಸ ಹಿಮ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕೂತುಕೊಳ್ಳುತ್ತದೆ, ನಿಜ. ಆದರೆ ಅಡಿಯಲ್ಲಿ ಇಂಥ ಪದರ ಇದ್ದರೆ ಅದು ವಾರಗಟ್ಟಲೆ ಹಾಗೇ ಕಾದುಕೊಂಡಿರುತ್ತದೆ. ಹಾಗಾಗಿ 'ಹಿಮ ನಿಂತು 24 ಗಂಟೆ ಆಯಿತು, ಇನ್ನು ಭಯ ಇಲ್ಲ' ಅನ್ನುವ ಸೂತ್ರವನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಭಾರ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. 50 ಮೀಟರ್ ಉದ್ದ, 50 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ತುಂಡು ಜಾರಿತು ಅಂತ ಇಟ್ಟುಕೊಳ್ಳಿ. ಹಿಮಾಲಯದ ಲೆಕ್ಕದಲ್ಲಿ ಇದು ಚಿಕ್ಕದು, ಪೇಪರಿನಲ್ಲಿ ಸುದ್ದಿಯೂ ಆಗುವುದಿಲ್ಲ. ಘನ ಮೀಟರಿಗೆ 200 ಕಿಲೋ ಹಿಡಿದರೂ 250 ಟನ್ ಆಯಿತು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ ಇಪ್ಪತ್ತೈದು ಲೋಡು. ಅದು ಗಂಟೆಗೆ 80, 100 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಓಡಿ ತಪ್ಪಿಸಿಕೊಳ್ಳುವುದು ಸಿನಿಮಾದಲ್ಲಿ ಮಾತ್ರ.

ಉತ್ತರಾಖಂಡ, ಹಿಮಾಚಲ, ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ, ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರ ಕುಸಿತಗಳು. ಅವು ಬರುವ ಮುನ್ಸೂಚನೆ ಮೂರು ನಾಲ್ಕು ದಿನ ಮೊದಲೇ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಸಿಗುತ್ತದೆ, ಓದುವ ಅಭ್ಯಾಸ ಮಾಡಿಕೊಳ್ಳಿ. ಅಕ್ಟೋಬರ್‌ನಲ್ಲಿ ಹೋಗುವವರು ಬಂಗಾಳ ಕೊಲ್ಲಿಯ ಮೇಲೂ ಒಂದು ಕಣ್ಣಿಡಬೇಕು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ್ದು ನಿಮಗೆ ನೆನಪಿರಬಹುದು. ಅದರ ಉಳಿಕೆ ಎರಡು ದಿನದಲ್ಲಿ ನೇಪಾಳ ಮುಟ್ಟಿ, ಅನ್ನಪೂರ್ಣ ಸುತ್ತಿನ 5,416 ಮೀಟರ್ ಎತ್ತರದ ಥೋರಾಂಗ್ ಲಾ ಸುತ್ತಮುತ್ತ ಹಿಮವಾಗಿ ಸುರಿಯಿತು. ಹಿಮಬಿರುಗಾಳಿ ಮತ್ತು ಹಿಮಕುಸಿತ ಸೇರಿ 40ಕ್ಕೂ ಹೆಚ್ಚು ಜನ ಹೋದರು. ಒಳ್ಳೆಯ ಸೀಸನ್ ಅಂತ ಹೆಸರಾದ ತಿಂಗಳು ಅದು.

ಈ ಮಧ್ಯೆ ಒಂದು ಮಾತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದ ದಾರಿಯಲ್ಲಿ ನಮ್ಮ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಜನ ತೀರಿಕೊಂಡರಲ್ಲ, ಅದು ಹಿಮಕುಸಿತ ಅಲ್ಲ. ಬಿರುಗಾಳಿ, ಕೊರೆಯುವ ಚಳಿ. ಆ ವಿಷಯಕ್ಕೆ ಬೇರೆ ತಯಾರಿ ಬೇಕು, ಬೇರೆ ದಿನ ಮಾತಾಡಬೇಕು. ಎರಡನ್ನೂ ಒಂದೇ ಮಾಡಿಕೊಂಡು ಹೊಸ ಜಾಕೆಟ್ ಕೊಂಡರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ.

ಸರಿ, ಇಳಿಜಾರನ್ನು ಹೇಗೆ ನೋಡಬೇಕು? ಮೊದಲು ಅದರ ಓರೆ. ದೊಡ್ಡ ಹಲಗೆ ಹಲಗೆಯಾಗಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಓರೆ ಇರುವ ಕಡೆ, ಅದರಲ್ಲೂ 38ರ ಆಸುಪಾಸಿನಲ್ಲಿ. ಅದಕ್ಕಿಂತ ತುಂಬಾ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ. ಕಣ್ಣಳತೆ ನಂಬಬೇಡಿ, ಬಿಳಿ ಇಳಿಜಾರಿನಲ್ಲಿ ಕಣ್ಣು ಮೋಸ ಮಾಡುತ್ತದೆ. ಟ್ರೆಕ್ಕಿಂಗ್ ಪೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಕೋನ ಅಳೆಯುವ ಆ್ಯಪ್ ತೆರೆದರೆ ಅರ್ಧ ನಿಮಿಷದ ಕೆಲಸ. ಫೋನಿನ ಮ್ಯಾಪ್‌ಗಳಲ್ಲಿ ಓರೆಯನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವೂ ಇದೆ, ಮನೆಯಲ್ಲಿ ಕೂತು ದಾರಿ ನೋಡಲು ಒಳ್ಳೆಯದು. ಆದರೆ ಹಿಮಾಲಯಕ್ಕೆ ಸಿಗುವ ಉಪಗ್ರಹ ಲೆಕ್ಕ ದಪ್ಪ ದಪ್ಪ ಚೌಕಗಳದ್ದು, ಮೂವತ್ತು ನಲವತ್ತು ಅಡಿಯ ಚಿಕ್ಕ ಕಡಿದಾದ ಜಾಗ ಅದರಲ್ಲಿ ಕಾಣುವುದೇ ಇಲ್ಲ. ಮನುಷ್ಯನನ್ನು ಹೂಳಲು ಅಷ್ಟು ಸಾಕು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ನೀವು ನಡೆಯುವ ದಾರಿ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲೆ ಏನಿದೆ ನೋಡಬೇಕು. ಕೆಳಗೆ ಚಪ್ಪಟೆ ಜಾಗದಲ್ಲಿ ಕಾಲಿಟ್ಟರೂ ಸಡಿಲ ಪದರದ ಮುರಿತ ಮೇಲಕ್ಕೆ ಓಡಿ, ಮೇಲಿನದ್ದು ಬಿಟ್ಟುಕೊಂಡು ನಿಮ್ಮ ಮೇಲೆ ಬರಬಹುದು. ಹಳ್ಳ, ಕೊರಕಲು, ಬಟ್ಟಲಿನಂಥ ತಗ್ಗುಗಳಲ್ಲಿ ಚಿಕ್ಕ ಕುಸಿತವೂ ಆಳವಾಗಿ ಪೇರುತ್ತದೆ. ನಮ್ಮವರಿಗೆ ಡೇರೆ ಹಾಕಲು ಇಷ್ಟವಾಗುವುದೂ ಅಂಥ ಜಾಗವೇ: ಗಾಳಿ ಇಲ್ಲ, ಪಕ್ಕದಲ್ಲೇ ನೀರು.

ಡೇರೆ ಹಾಕುವ ಮುಂಚೆ ಮರ ನೋಡಿ. 11,000 ಅಡಿಯ ಮೇಲೆ, ಕಾಡು ಮುಗಿಯುವ ಕಡೆ, ಭೋಜಪತ್ರದ ಮರಗಳು ಸಿಗುತ್ತವೆ, ಕಾಗದದಂತೆ ಸಿಪ್ಪೆ ಏಳುವ ಬಿಳಿ ಮರ. ಒಂದು ಪಟ್ಟಿಯಲ್ಲಿ ಮಾತ್ರ ಮರಗಳು ಎಳೆಯವಾಗಿ, ಎಲ್ಲವೂ ಒಂದೇ ಎತ್ತರಕ್ಕೆ ಇದ್ದು, ಬುಡ ಕೆಳಮುಖವಾಗಿ ಬಾಗಿ ಆಮೇಲೆ ಮೇಲಕ್ಕೆ ತಿರುಗಿದ್ದರೆ, ಎರಡು ಕಡೆಯ ಕಾಡು ಮಾತ್ರ ದೊಡ್ಡದಾಗಿ ಬೆಳೆದಿದ್ದರೆ, ನೀವು ನಿಂತಿರುವುದು ಹಿಮಕುಸಿತದ ಹಳೆಯ ದಾರಿಯಲ್ಲಿ. ದೊಡ್ಡ ಮರಗಳನ್ನೂ ನೋಡಿ. ಬೆಟ್ಟದ ಕಡೆಯ ಕೊಂಬೆಗಳು ಮುರಿದು ಬೋಳಾಗಿ, ಕಣಿವೆ ಕಡೆಯವು ಮಾತ್ರ ಉಳಿದಿದ್ದರೆ ಅರ್ಥ ಅದೇ. ತೊಗಟೆ ಕಿತ್ತುಹೋದ ಗಾಯ ಎಷ್ಟು ಎತ್ತರದಲ್ಲಿದೆ ಅಂತ ನೋಡಿದರೆ ಹಿಂದೆ ಬಂದ ಹಿಮದ ಅಂದಾಜೂ ಸಿಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ತಲೆ ಎತ್ತಿ ನೋಡಬೇಕು ಅಷ್ಟೆ.

ಗಾಳಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ಬೇಗ ಗಾಳಿ ಹಿಮವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಪೇರಿಸಬಲ್ಲದು. ಹಾಗಾಗಿ ಹೊಸ ಹಿಮ ಬೀಳದೆಯೂ ರಿಡ್ಜ್‌ನ, ಅಂದರೆ ಬೆಟ್ಟದ ಏಣಿನ, ಗಾಳಿಗೆ ಮರೆಯಾದ ಬದಿ ಒಂದು ರಾತ್ರಿಯಲ್ಲಿ ಅಪಾಯಕಾರಿ ಆಗಬಹುದು. ಮೇಲೆ ಸೂರಿನಂತೆ ಮುಂದಕ್ಕೆ ಚಾಚಿದ ಹಿಮ ಕಂಡರೆ ಗಾಳಿ ಯಾವ ಕಡೆಯಿಂದ ಬೀಸಿದೆ ಅಂತ ಗೊತ್ತಾಗುತ್ತದೆ. ಅದರ ಕೆಳಗೆ ನಿಲ್ಲಬೇಡಿ, ಅದರ ಮೇಲಂತೂ ಸೆಲ್ಫಿಗೆ ಹೋಗಲೇಬೇಡಿ, ಕಾಲ ಕೆಳಗೆ ಬೆಟ್ಟ ಇರುವುದಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಕಥೆ ಬೇರೆ. ಬಿಸಿಲಿಗೆ ಹಿಮ ಒದ್ದೆಯಾಗಿ ಭಾರವಾಗಿ ಜಾರುತ್ತದೆ. ಚಿಕ್ಕ ಚಿಕ್ಕ ಉಂಡೆಗಳು ತಾವಾಗಿ ಉರುಳಲು ಶುರುವಾದರೆ, ಬೂಟು ಕಣಕಾಲಿನವರೆಗೆ ಹೂತುಹೋಗುತ್ತಿದ್ದರೆ ತಡ ಆಯಿತು ಅಂತ ಅರ್ಥ. ಬೆಳಗಿನ ಜಾವ ಹೊರಟು ಬಿಸಿಲೇರುವ ಮುಂಚೆ ಇಳಿದುಬಿಡಬೇಕು. ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ 2023ರ ಏಪ್ರಿಲ್ 4ರಂದು ಏಳು ಪ್ರವಾಸಿಗರು ಸತ್ತರು. ಚಾರಣಿಗರಲ್ಲ, ಕಾರಿನಲ್ಲಿ ಬಂದು ಹಿಮದಲ್ಲಿ ಆಡಲು ಇಳಿದವರು. ಪಾಸ್ ಕೊಟ್ಟಿದ್ದು 13ನೇ ಮೈಲಿಯವರೆಗೆ, ಕುಸಿತ ಆಗಿದ್ದು 15ನೇ ಮೈಲಿಯ ಹತ್ತಿರ.

ಎಚ್ಚರಿಕೆ ಕೊಡುವವರು ಇದ್ದಾರಾ ಅಂತ ಕೇಳಿದರೆ, ಇದ್ದಾರೆ. ಡಿಆರ್‌ಡಿಒ ಅಡಿಯಲ್ಲಿ ಚಂಡೀಗಢದಲ್ಲಿ ಡಿಜಿಆರ್‌ಇ ಅಂತ ಸಂಸ್ಥೆ ಇದೆ. ಮೊದಲು ಮನಾಲಿಯಲ್ಲಿದ್ದ ಸಾಸೆ ಅನ್ನುವ ಹಿಮ ಸಂಶೋಧನಾ ಸಂಸ್ಥೆ 2020ರಲ್ಲಿ ಇದರೊಳಗೆ ಸೇರಿತು. ಮುಖ್ಯವಾಗಿ ಸೇನೆಗಾಗಿ ಇರುವುದು, ಆದರೆ ಅವರ ಎಚ್ಚರಿಕೆಗಳು ಜಿಲ್ಲಾಡಳಿತಕ್ಕೂ ಪತ್ರಿಕೆಗಳಿಗೂ ಬರುತ್ತವೆ. 2025ರ ಫೆಬ್ರವರಿ 27ರ ಸಂಜೆ ಚಮೋಲಿ, ಉತ್ತರಕಾಶಿ ಸೇರಿ ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ 2,400 ಮೀಟರ್ ಮೇಲಿನ ಜಾಗಗಳಿಗೆ ಅಂಥ ಒಂದು ಎಚ್ಚರಿಕೆ ಹೊರಟಿತ್ತು. ಮಾರನೇ ದಿನ ಬೆಳಿಗ್ಗೆ ಬದರೀನಾಥದ ಹತ್ತಿರ ಮಾಣಾದಲ್ಲಿ ಗಡಿ ರಸ್ತೆ ಕೆಲಸದವರ ಕ್ಯಾಂಪಿನ ಮೇಲೆ ಹಿಮ ಬಂತು. ಸಿಕ್ಕಿಬಿದ್ದ 54 ಜನರಲ್ಲಿ 46 ಜನ ಉಳಿದರು, ಎಂಟು ಜನ ಹೋದರು. ತುಂಬಾ ಜನ ಉಳಿದಿದ್ದಕ್ಕೆ ಒಂದು ಕಾರಣ ಅವರು ಮಲಗಿದ್ದ ಲೋಹದ ಕಂಟೇನರ್‌ಗಳು, ಒಳಗೆ ಗಾಳಿ ಉಳಿದಿತ್ತು. ಇಲ್ಲಿ ನನ್ನನ್ನು ಕಾಡುವುದು ಇನ್ನೊಂದು ವಿಷಯ. ಮಾಣಾ ಊರಿನವರು ಪ್ರತಿ ಚಳಿಗಾಲ ಊರು ಖಾಲಿ ಮಾಡಿಕೊಂಡು ಕೆಳಗಿನ ಊರುಗಳಿಗೆ ಇಳಿದುಬಿಡುತ್ತಾರೆ, ತಲೆಮಾರುಗಳಿಂದ. ಊರಿನವರು ಇರದ ತಿಂಗಳಲ್ಲಿ ಹೊರಗಿನವರು ಅಲ್ಲಿ ಇರಬೇಕಾಗಿ ಬಂದಿತ್ತು. ಕೇದಾರಕಂಠದ ಬುಡದ ಸಾಂಕ್ರಿ ಊರಿನ ಹೇಸರಗತ್ತೆಯವನೋ, ಲಾಹೌಲಿನ ಅಜ್ಜಿಯೋ 'ಇವತ್ತು ಆ ಕಡೆ ಬೇಡ' ಅಂದರೆ ಅದನ್ನು ಬುಲೆಟಿನ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಅಪಾಯದ ಮಟ್ಟವನ್ನು ಸಾಮಾನ್ಯವಾಗಿ 1ರಿಂದ 5ರವರೆಗೆ ಹೇಳುತ್ತಾರೆ. 3 ಅಂದರೆ ನಡು, ಪರವಾಗಿಲ್ಲ ಅಂತ ನಮ್ಮ ಬುದ್ಧಿಗೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಜಸ್ಟ್ ಪಾಸಾದವರ ಬುದ್ಧಿ ಅದು. ಯುರೋಪಿನಲ್ಲಿ ಅತಿ ಹೆಚ್ಚು ಚಾರಣಿಗರು, ಸ್ಕೀಯವರು ಸತ್ತಿರುವುದು ಈ 3ನೇ ಮಟ್ಟದಲ್ಲೇ. 5 ಇದ್ದಾಗ ಯಾರೂ ಹೊರಗೆ ಹೋಗುವುದಿಲ್ಲ, 3 ಇದ್ದಾಗ ಎಲ್ಲರೂ ಹೋಗುತ್ತಾರೆ.

ಗುಲ್ಮಾರ್ಗ್‌ಗೆ ಹೊರಟವರಿಗೆ ಎರಡು ಮಾತು. ಗಂಡೋಲಾ ಅನ್ನುವ ಕೇಬಲ್ ಕಾರಿನ ಎರಡನೇ ಹಂತ ನಿಮ್ಮನ್ನು ಹೆಚ್ಚು ಕಡಿಮೆ 4,000 ಮೀಟರ್‌ಗೆ, ಅಫರ್ವತ್ ಬೆಟ್ಟದ ಮೇಲೆ ಬಿಡುತ್ತದೆ. ಸ್ಕೀ ಪ್ಯಾಟ್ರೋಲ್‌ನವರು, ಅಂದರೆ ಕಾವಲು ತಂಡದವರು, ನೋಡಿಕೊಳ್ಳುವುದು ಗಂಡೋಲಾ ಕೆಳಗಿನ ಜಾಗವನ್ನು ಮಾತ್ರ. ಅದರ ಗಡಿಯ ಹಗ್ಗ ದಾಟಿದರೆ ನೀವುಂಟು ಬೆಟ್ಟ ಉಂಟು. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಅಲ್ಲಿ ಸತ್ತರು. ಸ್ಕೀ ಚೆನ್ನಾಗಿ ಬಲ್ಲವರೇ ಹೋಗುವ ಜಾಗ ಅದು, ಅನ್ನುವುದು ನೆನಪಿರಲಿ.

ಬಲ್ಲವರ ಮಾತು ಬಂತಲ್ಲ, ದ್ರೌಪದಿ ಕಾ ಡಾಂಡಾ ಬಗ್ಗೆ ಹೇಳಲೇಬೇಕು. 2022ರ ಅಕ್ಟೋಬರ್ 4, ಬೆಳಿಗ್ಗೆ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಅಡ್ವಾನ್ಸ್ ಕೋರ್ಸ್‌ನ ತಂಡ 5,670 ಮೀಟರಿನ ಶಿಖರದ ಹತ್ತಿರ ಇತ್ತು. ಮೇಲಿನ ಇಳಿಜಾರು ತುಂಡಾಗಿ ಜಾರಿ ತಂಡವನ್ನು ಹಿಮದ ಬಿರುಕಿನೊಳಕ್ಕೆ ತಳ್ಳಿತು. 27 ಶವ ಸಿಕ್ಕಿತು, ಇನ್ನಿಬ್ಬರು ಸಿಗಲಿಲ್ಲ. ಸತ್ತವರಲ್ಲಿ ಕರ್ನಾಟಕದ ಹುಡುಗರೂ ಇದ್ದರು. ಬೋಧಕರಲ್ಲಿ ಸವಿತಾ ಕಂಸ್ವಾಲ್ ಇದ್ದರು, ಅದೇ ವರ್ಷದ ಮೇ ತಿಂಗಳಲ್ಲಿ ಹದಿನಾರು ದಿನದ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಹತ್ತಿದವರು. ದೇಶದಲ್ಲೇ ಒಳ್ಳೆಯ ತರಬೇತಿ ಸಿಗುವ ಜಾಗ, ಅಷ್ಟು ಅನುಭವ ಇರುವ ಜನ. ನಾನು ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. 'ನಮ್ಮ ಲೀಡರ್ ಇದ್ದಾರೆ, ಅವರಿಗೆ ಗೊತ್ತಿರುತ್ತೆ' ಅಂತ ಇಪ್ಪತ್ತು ಜನ ತಲೆ ತಗ್ಗಿಸಿ ಹಿಂದೆ ನಡೆಯುತ್ತೇವಲ್ಲ, ಅದು ಸಾಲದು ಅಂತ ಹೇಳುತ್ತಿದ್ದೇನೆ. ಮುಂದೆ ಯಾರೋ ನಡೆದ ಹೆಜ್ಜೆ ಕಂಡರೆ ಇಳಿಜಾರು ಸೇಫ್ ಅಂತಲೂ ಅಲ್ಲ. ಮೊದಲ ಐದು ಜನ ದಾಟಿದ ಮೇಲೆ ಆರನೆಯವನ ಕಾಲಿಗೆ ಬಿಟ್ಟುಕೊಂಡ ಪ್ರಸಂಗಗಳು ಬೇಕಾದಷ್ಟಿವೆ, ಯಾಕೆಂದರೆ ಹಿಮ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ತೆಳ್ಳಗಿರುವ ಕಡೆ, ಬಂಡೆಯ ಪಕ್ಕ, ಉಬ್ಬಿನ ಅಂಚಿನಲ್ಲಿ ನಿಮ್ಮ ತೂಕ ಸಡಿಲ ಪದರಕ್ಕೆ ನೇರವಾಗಿ ತಾಗುತ್ತದೆ.

ಸ್ಥಳದಲ್ಲಿ ಸಿಗುವ ಸುಳಿವುಗಳಲ್ಲಿ ಅತಿ ಮುಖ್ಯವಾದದ್ದು ಅಕ್ಕಪಕ್ಕದ ಇಳಿಜಾರಿನಲ್ಲಿ ಆಗಲೇ ಬಿದ್ದ ಹೊಸ ಕುಸಿತ. ಅದು ಕಂಡ ಮೇಲೆ ಇನ್ನೇನು ಚರ್ಚೆ? ಎರಡನೆಯದು ಸದ್ದು. ಕಾಲಿಟ್ಟಾಗ ಅಡಿಯಲ್ಲಿ 'ಧುಮ್' ಅಂತ ಸಣ್ಣಗೆ ಕುಸಿದ ಸದ್ದು ಬಂದರೆ ಸಡಿಲ ಪದರ ನಿಮ್ಮ ಕೆಳಗೇ ಮುರಿಯಿತು ಅಂತ. ಕಾಲಿಂದ ಮುಂದಕ್ಕೆ ಬಿರುಕು ಓಡಿದರೂ ಅದೇ. ಮಾತಿಲ್ಲದೆ ಬಂದ ದಾರಿಯಲ್ಲೇ ವಾಪಸ್.

ಹಿಮವನ್ನು ಅಗೆದು ನೋಡುವ ಪರೀಕ್ಷೆಯೂ ಇದೆ. ಅಪಾಯ ಇರದ ಚಿಕ್ಕ ಇಳಿಜಾರಿನಲ್ಲಿ 30 ಸೆಂಟಿಮೀಟರ್ ಉದ್ದಗಲದ ಕಂಬವನ್ನು ಸುತ್ತಲಿನ ಹಿಮದಿಂದ ಬಿಡಿಸಿ ನಿಲ್ಲಿಸುತ್ತೀರಿ. ಮೇಲೆ ಸಲಿಕೆ ಮಲಗಿಸಿ ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ ತಟ್ಟುತ್ತೀರಿ. ಮೂರು ನಾಲ್ಕು ತಟ್ಟಿಗೇ ಕಂಬದ ಮೇಲಿನ ಭಾಗ ಡ್ರಾಯರ್ ಎಳೆದಂತೆ ಸಲೀಸಾಗಿ ಮುಂದಕ್ಕೆ ಬಂತು ಅಂದರೆ ಆವತ್ತಿನ ಹತ್ತುವಿಕೆ ಮುಗಿಯಿತು. ಮುವ್ವತ್ತು ತಟ್ಟಿದರೂ ಮುರಿಯಲಿಲ್ಲ ಅಂದರೆ ಹೋಗಬಹುದಾ? ಆ ಒಂದು ಅಡಿ ಜಾಗ ಗಟ್ಟಿ ಇದೆ ಅಂತ ಮಾತ್ರ ಗೊತ್ತಾಯಿತು. ಬೇಡ ಅನ್ನಲು ಈ ಪರೀಕ್ಷೆ ಸಾಕು, ಹೂಂ ಅನ್ನಲು ಸಾಲದು.

ನಮ್ಮ ದೊಡ್ಡ ಸಮಸ್ಯೆ ಹಿಮದ್ದಲ್ಲ, ರಜೆಯದ್ದು. ಐದು ದಿನ ರಜೆ, ನಾನ್‌ರೀಫಂಡಬಲ್ ಟಿಕೆಟ್, ಸ್ಟೇಟಸ್‌ನಲ್ಲಿ ಆಗಲೇ ಹಾಕಿಬಿಟ್ಟ 'ಸಮಿಟ್ ಲೋಡಿಂಗ್'. ಎರಡು ದಿನ ಡೇರೆಯಲ್ಲಿ ಹೋಯಿತು, ಉಳಿದದ್ದು ಒಂದೇ ದಿನ. ಆಗ ಲೀಡರ್ 'ಬೇಡ' ಅಂದರೆ ಅವನಿಗೆ ಒಂದು ಸ್ಟಾರ್ ರಿವ್ಯೂ. ದಯವಿಟ್ಟು ಹೀಗೆ ಮಾಡಬೇಡಿ. ಹೊರಡುವಾಗಲೇ ಎರಡು ದಿನ ಹೆಚ್ಚುವರಿ ಇಟ್ಟುಕೊಂಡು, ಏನು ಕಂಡರೆ ವಾಪಸ್ ಅಂತ ಬೆಂಗಳೂರಿನಲ್ಲಿ ತಲೆ ತಣ್ಣಗಿರುವಾಗಲೇ ತಂಡದಲ್ಲಿ ಮಾತಾಡಿಕೊಳ್ಳಿ. ಯಾರೊಬ್ಬರು 'ಬೇಡ' ಅಂದರೂ ಇಡೀ ತಂಡ ತಿರುಗಬೇಕು, ಕಾರಣ ಕೇಳಬಾರದು. ಇನ್ನು ತಂಡದ ಗಾತ್ರ. ಅನುಮಾನದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು. ಇಪ್ಪತ್ತೈದು ಜನರ ತಂಡ ಹೀಗೆ ದಾಟಲು ಅರ್ಧ ದಿನ ಬೇಕು. ಹಾಗಾಗಿ ಎಲ್ಲರೂ ರೈಲಿನಂತೆ ಒಟ್ಟಿಗೆ ಹೋಗುತ್ತಾರೆ. ಹಿಮ ಜಾಸ್ತಿ ಇರುವ ತಿಂಗಳಲ್ಲಿ ಆರೇಳು ಜನಕ್ಕಿಂತ ದೊಡ್ಡ ತಂಡದಲ್ಲಿ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ, ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಇಷ್ಟೆಲ್ಲ ಆದಮೇಲೂ ಯಾರಾದರೂ ಹೂತುಹೋದರೆ? ಸ್ವಿಟ್ಜರ್ಲೆಂಡಿನ ನಲವತ್ತು ವರ್ಷಗಳ ದಾಖಲೆ ನೋಡಿದರೆ ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಉಳಿಯುತ್ತಾರೆ. ಅರ್ಧ ಗಂಟೆಗೆ ಅದು ನೂರಕ್ಕೆ ಮೂವತ್ತರ ಹತ್ತಿರ ಬರುತ್ತದೆ. ಉಸಿರು ಕಟ್ಟುವುದೇ ಕಾರಣ. ಜಾರುವಾಗ ನೀರಿನಂತೆ ಹರಿದ ಹಿಮ ನಿಂತ ಕೂಡಲೇ ಗಟ್ಟಿಯಾಗುತ್ತದೆ, ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಸಿಕ್ಕಿಕೊಂಡರೆ ಕೂಗಿ, ಪೋಲ್ ಬಿಸಾಡಿ, ಪಕ್ಕಕ್ಕೆ ಹೋಗಲು, ಮೇಲೇ ಉಳಿಯಲು ಒದ್ದಾಡಿ. ವೇಗ ಕಮ್ಮಿಯಾಗುತ್ತಿದೆ ಅನ್ನಿಸಿದಾಗ ಒಂದು ಕೈಯನ್ನು ಬಾಯಿ ಮೂಗಿನ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ.

ನಿಮ್ಮೆಲ್ಲರ ಮನಸ್ಸಿನಲ್ಲಿ ಹನುಮಂತಪ್ಪ ಕೊಪ್ಪದ ಇರುತ್ತಾರೆ ಅಂತ ಗೊತ್ತು. ಕುಂದಗೋಳ ತಾಲೂಕಿನ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು, ಅವರಲ್ಲಿ ಹಾಸನ ಮತ್ತು ಎಚ್.ಡಿ. ಕೋಟೆ ಕಡೆಯವರೂ ಇದ್ದರು. ಆರು ದಿನದ ಮೇಲೆ, ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಇಡೀ ರಾಜ್ಯ ದೇವರಿಗೆ ಕೈಮುಗಿಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಗಾಳಿಗೆ ಸ್ವಲ್ಪ ಜಾಗ ಉಳಿದಿತ್ತು, ಅಗೆಯಲು ಸೇನೆಯೇ ಇತ್ತು, ಹುಡುಕಲು ನಾಯಿಗಳಿದ್ದವು. ನಮಗೆ ಅವು ಯಾವುದೂ ಇರುವುದಿಲ್ಲ. ಎಸ್‌ಡಿಆರ್‌ಎಫ್‌ನವರು, ಅಂದರೆ ರಾಜ್ಯದ ವಿಪತ್ತು ಪಡೆಯವರು, ಎಷ್ಟೇ ಓಡೋಡಿ ಬಂದರೂ ಹತ್ತು ನಿಮಿಷಕ್ಕೆ ಬರಲಾರರು. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೇಜ್ ಸಾಧನಗಳನ್ನು ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ, ಏರ್‌ಪೋರ್ಟ್‌ನಲ್ಲಿ ಹಿಡಿಯುತ್ತಾರೆ. ಹಾಗಾಗಿ ಕಾಪಾಡುವವರು ಪಕ್ಕದಲ್ಲಿ ನಿಂತಿರುವ ನಿಮ್ಮ ಗೆಳೆಯರೇ.

ಅವರ ಹತ್ತಿರ ಇರಬೇಕಾದ್ದು ಮೂರು ಸಾಮಾನು: ಬೀಕನ್, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ. ಬೀಕನ್ ಅಂದರೆ 457 ಕಿಲೋಹರ್ಟ್ಜ್‌ನಲ್ಲಿ ಸಿಗ್ನಲ್ ಬಿಡುವ ಚಿಕ್ಕ ಡಬ್ಬಿ, ಎದೆಗೆ ಪಟ್ಟಿಯಲ್ಲಿ ಕಟ್ಟಿಕೊಳ್ಳುವುದು, ಬ್ಯಾಗಿನೊಳಗೆ ಇಡುವುದಲ್ಲ. ಯಾರಾದರೂ ಹೂತರೆ ಉಳಿದವರೆಲ್ಲ ತಮ್ಮದನ್ನು ಹುಡುಕುವ ಮೋಡ್‌ಗೆ ಹಾಕಬೇಕು, ಒಬ್ಬರು ಮರೆತರೂ ಎಲ್ಲರೂ ಅವರನ್ನೇ ಹುಡುಕುತ್ತಾ ಸುತ್ತುತ್ತಾರೆ. ಫೋನು ಅದಕ್ಕೆ ಅಡ್ಡಿ ಮಾಡುತ್ತದೆ: ಮಾಮೂಲಿ ನಡೆಯುವಾಗ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಬೇಕು. ಹತ್ತಿರ ಬಂದಮೇಲೆ ಬೀಕನ್ನನ್ನು ಹಿಮಕ್ಕೆ ತಾಗಿಸಿ ನಿಧಾನಕ್ಕೆ ಅಡ್ಡ, ಉದ್ದ ಸರಿಸಿ ಅತಿ ಚಿಕ್ಕ ಸಂಖ್ಯೆ ಎಲ್ಲಿ ಬರುತ್ತದೆ ನೋಡಬೇಕು. ಅಲ್ಲಿಂದ ಸುರುಳಿಯಾಗಿ 25 ಸೆಂಟಿಮೀಟರಿಗೊಂದರಂತೆ ಪ್ರೋಬ್ ಚುಚ್ಚಿ. ಮೈ ತಾಗಿದರೆ ಮೆತ್ತಗೆ ಗೊತ್ತಾಗುತ್ತದೆ, ನೆಲ ತಾಗಿದರೆ ಗಟ್ಟಿ. ಪ್ರೋಬ್ ಅಲ್ಲೇ ಬಿಟ್ಟು, ಸ್ವಲ್ಪ ಕೆಳಬದಿಯಿಂದ ಅವರ ಕಡೆಗೆ ಅಗೆಯಿರಿ, ನೇರ ಮೇಲಿಂದ ಗುಂಡಿ ತೋಡಬೇಡಿ. ಒಂದು ಮೀಟರ್ ಆಳಕ್ಕೆ ಒಂದು ಟನ್‌ಗಿಂತ ಜಾಸ್ತಿ ಹಿಮ ಎತ್ತಬೇಕು. ಪ್ಲಾಸ್ಟಿಕ್ ಸಲಿಕೆ ಮೊದಲ ಐದು ನಿಮಿಷಕ್ಕೇ ಮುರಿಯುತ್ತದೆ.

ಚೀಟಿಯಲ್ಲಿ ಕೆಲವು ಪ್ರಶ್ನೆ ಬಂದಿವೆ. ಏರ್‌ಬ್ಯಾಗ್, ಅಂದರೆ ಹಿಮ ಜಾರಿದಾಗ ಗಾಳಿ ತುಂಬಿ ಉಬ್ಬುವ ಬೆನ್ನುಚೀಲ, ಬೇಕಾ ಅಂತ ಒಬ್ಬರು ಕೇಳಿದ್ದಾರೆ. ಮೇಲೆ ಉಳಿಯಲು ನೆರವಾಗುತ್ತದೆ, ಆದರೆ ಬೆಲೆ ಜಾಸ್ತಿ, ಸಿಲಿಂಡರ್ ಇರುವಂಥದ್ದನ್ನು ಒಯ್ಯಲು ವಿಮಾನ ಕಂಪನಿಯ ಒಪ್ಪಿಗೆ ಬೇಕು. ಮೊದಲು ಮೇಲಿನ ಮೂರು ತೆಗೆದುಕೊಳ್ಳಿ. ಕೇದಾರಕಂಠಕ್ಕೆ ಇದೆಲ್ಲ ಬೇಕಾ ಅಂತ ಇನ್ನೊಂದು ಚೀಟಿ. ಮಾಮೂಲಿ ದಾರಿ ಬಹುಪಾಲು ಕಾಡು ಮತ್ತು ರಿಡ್ಜ್ ಮೇಲೆ ಹೋಗುತ್ತದೆ, ಅದಕ್ಕೇ ಅದು ಚಳಿಗಾಲದ ಚಾರಣವಾಗಿ ಹೆಸರಾಗಿದೆ. ಜೋರು ಹಿಮ ಬಿದ್ದ ಮೇಲೆ ದಾರಿ ಬಿಟ್ಟು ಪಕ್ಕದ ಇಳಿಜಾರಿಗೆ ಹೋಗಬೇಡಿ, ಜಾರುಬಂಡಿ ಆಡಲಿಕ್ಕೂ ಕೂಡ. ಕೋರ್ಸ್ ಎಲ್ಲಿ ಮಾಡಬೇಕು ಅಂತ ಕೇಳಿದವರಿಗೆ: ಉತ್ತರಕಾಶಿ, ಮನಾಲಿ, ಪಹಲ್ಗಾಮ್ ಸಂಸ್ಥೆಗಳ ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರದ್ದು, ರಜೆ ಸಿಕ್ಕರೆ ಮಾಡಲೇಬೇಕು. ನಮ್ಮಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಅಲ್ಲಿಯೂ ವಿಚಾರಿಸಿ.

ಹಿಮ ಇಲ್ಲದ ಊರಲ್ಲಿ ಬೀಕನ್ ಅಭ್ಯಾಸ ಹೇಗೆ ಅನ್ನುವುದು ಕೊನೆಯ ಚೀಟಿ. ಹಿಮ ಬೇಕಾಗಿಯೇ ಇಲ್ಲ. ಒಂದು ಬೀಕನ್ನನ್ನು ಸಿಗ್ನಲ್ ಬಿಡುವ ಮೋಡ್‌ನಲ್ಲಿ ಇಟ್ಟು ಗೋಣಿಚೀಲಕ್ಕೆ ಹಾಕಿ ಪಾರ್ಕಿನ ಒಣ ಎಲೆಗಳ ಅಡಿಯಲ್ಲಿ ಬಚ್ಚಿಡಿ. ಇನ್ನೊಬ್ಬರು ಐವತ್ತು ಮೀಟರ್ ದೂರದಿಂದ ಶುರುಮಾಡಿ ಹುಡುಕಲಿ, ಮತ್ತೊಬ್ಬರು ಗಡಿಯಾರ ಹಿಡಿಯಲಿ. ಮೂರು ನಿಮಿಷದೊಳಗೆ ಸಿಗುವವರೆಗೂ ಬಿಡಬೇಡಿ. ಸೆಕ್ಯುರಿಟಿಯವರಿಗೆ ಮೊದಲೇ ಹೇಳಿರಿ, ಎಲೆ ಕೆಳಗೆ ಕೀಂ ಕೀಂ ಅನ್ನುವ ಡಬ್ಬಿ ಕಂಡರೆ ಪೊಲೀಸರನ್ನು ಕರೆದುಬಿಟ್ಟಾರು. ಇಲ್ಲಿ ಮೇಜಿನ ಮೇಲೆ ಎರಡು ಇಟ್ಟಿದ್ದೇನೆ, ಚಹಾ ಕುಡಿಯುತ್ತಾ ಕೈಗೆ ತೆಗೆದುಕೊಂಡು ನೋಡಿ. ಸೆಲ್ ಮಾತ್ರ ಆಲ್ಕಲೈನ್ ಹಾಕಿ, ರೀಚಾರ್ಜ್ ಆಗುವಂಥದ್ದು ಬೇಡ, ಅವು ಎಷ್ಟು ಉಳಿದಿವೆ ಅಂತ ಸರಿಯಾಗಿ ತೋರಿಸುವುದಿಲ್ಲ. ಟ್ರೆಕ್ ಮುಗಿಸಿ ಬಂದ ಮೇಲೆ ಸೆಲ್ ತೆಗೆದಿಡಿ, ಒಳಗೇ ಸೋರಿದರೆ ಅಷ್ಟು ದುಡ್ಡಿನ ಡಬ್ಬಿ ಹಾಳು.